ಹಡಗುಕಟ್ಟೆ ಮಲ್ಪೆಯಲ್ಲಿದೆ, ಪ್ರಶ್ನೆ ಚಳ್ಳಕೆರೆಯದ್ದೂ ಹೌದು

ಪೋಸ್ಟ್ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

"ಕುಡಿಯೋಕೆ ನೀರಿಲ್ಲದ ಚಳ್ಳಕೆರೆ, ಮೊಳಕಾಲ್ಮೂರಲ್ಲಿ ಕೂತು ಹಡಗಿನ ಮಾತು ಯಾಕಣ್ಣ?" ಅಂತ ನೀವು ನಗಬಹುದು. ನಗಿ, ಪರವಾಗಿಲ್ಲ. ಆದರೆ 2023ರ ಜೂನ್ 16ರಂದು ನಡೆದದ್ದನ್ನ ಕೇಳಿ. ಅವತ್ತು ಬೆಳಿಗ್ಗೆ ನಮ್ಮ ಕಾವಲಿನ ಡಿಆರ್‌ಡಿಒ ರನ್‌ವೇಯಿಂದ ತಪಸ್ ಅನ್ನೋ ಡ್ರೋನ್ ಮೇಲೆದ್ದಿತು. ಕಾರವಾರ ನೌಕಾನೆಲೆಯಿಂದ 148 ಕಿ.ಮೀ. ದೂರದ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗಿನವರು ಅದನ್ನ 40 ನಿಮಿಷ ತಾವೇ ನಡೆಸಿದರು. ಡ್ರೋನ್ ತಿರುಗಿ ಬಂದು ಇಲ್ಲೇ ಇಳಿಯಿತು. ನಾವು ಸಮುದ್ರಕ್ಕೆ ಹೋಗದೇ ಇದ್ರೂ ಸಮುದ್ರ ನಮ್ಮ ಹಟ್ಟಿ ಪಕ್ಕಕ್ಕೆ ಬಂದಾಗಿದೆ.

ಹಾಗೆ ನೋಡಿದ್ರೆ ಈ ನೆಲಕ್ಕೆ ಸೈನ್ಯ ಹೊಸದಲ್ಲ. ಅಮೃತ್ ಮಹಲ್ ಕಾವಲು ಅಂದ್ರೇನು? ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆಯೋ ಎತ್ತುಗಳನ್ನ ಮೇಯಿಸಿದ ಹುಲ್ಲುಗಾವಲು. ಆಮೇಲೆ ಬ್ರಿಟಿಷರೂ ಅದೇ ತಳಿಯನ್ನ ಸೈನ್ಯಕ್ಕೆ ಬಳಸಿಕೊಂಡರು, 1860ರಲ್ಲಿ ಬೇಡ ಅನ್ನಿಸಿದಾಗ ಹಿಂಡನ್ನೇ ಮಾರಿಬಿಟ್ಟರು, ಕೆಲವೇ ವರ್ಷದಲ್ಲಿ ಮತ್ತೆ ಬೇಕು ಅಂತ ಶುರು ಮಾಡಿದರು. ಸೈನ್ಯದ ಬೇಡಿಕೆ ಬದಲಾದಾಗೆಲ್ಲ ಈ ಕಾವಲಿನ ಹಣೆಬರಹ ಬದಲಾಗಿದೆ. ದನ, ಕುರಿ ಕಾದವರನ್ನ ಮಾತ್ರ ಯಾರೂ ಕೇಳಲಿಲ್ಲ.

ನಮ್ಮ ಕಾಲದಲ್ಲೂ ಅದೇ ಆಯ್ತು. ಡಿಆರ್‌ಡಿಒಗೆ 4,290 ಎಕರೆ, ಬಿಎಆರ್‌ಸಿಗೆ 1,810, ಐಐಎಸ್ಸಿಗೆ 1,500, ಇಸ್ರೋಗೆ 573 ಎಕರೆ. ಗೋಡೆ ಎದ್ದಿತು, ಹಸಿರು ನ್ಯಾಯಮಂಡಳಿವರೆಗೆ ಕೇಸು ಹೋಯ್ತು, 2017ರಲ್ಲಿ ಪರೀಕ್ಷಾ ವಲಯದ ಉದ್ಘಾಟನೆಯೂ ಆಯ್ತು. ಸೈನ್ಯ ಕೇಳಿದಷ್ಟು ಎತ್ತರ, ಕೇಳಿದಷ್ಟು ಹೊತ್ತು ಹಾರಲಿಲ್ಲ ಅಂತ ತಪಸ್ ಯೋಜನೆ ಹಿಂದೆ ಬಿತ್ತು. ಅಷ್ಟರಲ್ಲಾಗಲೇ ಅದೇ ರನ್‌ವೇ ಮೇಲೆ ಇಸ್ರೋದ ಮರುಬಳಕೆ ವಾಹನ ಇಳಿಯೋದಕ್ಕೆ ಶುರುವಾಗಿತ್ತು. ಒಂದು ಕೆಲಸ ಹೋದರೆ ಸಂಸ್ಥೆಗೆ ಇನ್ನೊಂದು ಕೆಲಸ ಸಿಗುತ್ತೆ. ಹುಲ್ಲುಗಾವಲು ಹೋದವನಿಗೆ ಏನು ಸಿಕ್ಕಿತು?

ಈಗ ಮಲ್ಪೆಗೆ ಬನ್ನಿ. ಅಲ್ಲಿ ಟೆಬ್ಮಾ ಅನ್ನೋ ಖಾಸಗಿ ಹಡಗುಕಟ್ಟೆ ಇತ್ತು. ಸಮುದ್ರದಲ್ಲಿ ತೈಲ ತೆಗೆಯುವವರಿಗೆ ಬೇಕಾದ ಹಡಗು, ಟಗ್ ಕಟ್ಟುತ್ತಿತ್ತು. ಸಾಲದಲ್ಲಿ ಮುಳುಗಿ ದಿವಾಳಿ ಪ್ರಕ್ರಿಯೆಗೆ ಹೋಯ್ತು. 2020ರಲ್ಲಿ ಕೇಂದ್ರ ಸರ್ಕಾರದ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನ ಕೊಂಡಿತು. ಈಗ ಅದರ ಹೆಸರು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್. ವಿಮಾನವಾಹಕ ಯುದ್ಧನೌಕೆ ವಿಕ್ರಾಂತ್ ಕಟ್ಟಿ 2022ರಲ್ಲಿ ನೌಕಾಪಡೆಗೆ ಒಪ್ಪಿಸಿದ ಅದೇ ಕೊಚ್ಚಿನ್ ಕಂಪನಿ, ಇನ್ನೊಂದು ಕಡೆ ಕೊಚ್ಚಿ ವಾಟರ್ ಮೆಟ್ರೋಗೆ ವಿದ್ಯುತ್ ದೋಣಿ ಕಟ್ಟುತ್ತೆ. ಮಲ್ಪೆಯಲ್ಲಿ ನಾರ್ವೆಯ ಕಂಪನಿಗೆ ತಲಾ 3,800 ಟನ್ ಹೊರುವ 6 ಸರಕು ಹಡಗುಗಳ ಆರ್ಡರ್ ಹಿಡಿಯಿತು. ಯುದ್ಧನೌಕೆ ಆರ್ಡರ್ ಯಾವಾಗಲೂ ಇರಲ್ಲ, ಸರಕು ಹಡಗಿನ ಪೇಟೆಯೂ ಏರುತ್ತೆ, ಇಳಿಯುತ್ತೆ. ಎರಡರಲ್ಲೂ ಕಾಲಿಟ್ಟರೆ ಹಡಗುಕಟ್ಟೆ ಉಳಿಯುತ್ತೆ. ಬುದ್ಧಿವಂತಿಕೆಯ ದಾರಿ, ನನ್ನ ತಕರಾರಿಲ್ಲ. ಮುಚ್ಚಿ ಹೋಗ್ತಿದ್ದ ಕಾರ್ಖಾನೆಯನ್ನ ಸರ್ಕಾರಿ ಕಂಪನಿ ಎತ್ತಿ ನಿಲ್ಲಿಸಿದ್ದು ಒಳ್ಳೇದೇ.

ನನ್ನ ಪ್ರಶ್ನೆ ಬೇರೆ. ಏರಿಳಿತದ ಪೆಟ್ಟು ಯಾರ ಬೆನ್ನಿಗೆ? ದೇಶದ ಹಡಗುಕಟ್ಟೆಗಳಲ್ಲಿ ವೆಲ್ಡಿಂಗ್, ತುಕ್ಕು ಕೆರೆಯೋದು, ಬಣ್ಣ, ಸ್ವಚ್ಛತೆ ಇಂಥ ಕೆಲಸದ ದೊಡ್ಡ ಪಾಲು ಗುತ್ತಿಗೆದಾರರ ಕೈಯಲ್ಲಿದೆ. ಆರ್ಡರ್ ಬಂದಾಗ ಕರೀತಾರೆ, ಮುಗಿದಾಗ ಮನೆಗೆ ಕಳಿಸ್ತಾರೆ. ಆಫೀಸಲ್ಲಿ ಗುಮಾಸ್ತನಾಗಿ ಕೆಲಸ ಮಾಡೋ ನನಗೆ ರೋಸ್ಟರ್ ರಿಜಿಸ್ಟರ್ ಬೆಲೆ ಗೊತ್ತು. ಆ ಗೆರೆ ಹಾಕಿದ ಪುಟದಲ್ಲಿ 'ಪ.ಜಾ.' ಅಂತ ಒಂದು ಬಿಂದು ಇರೋದರಿಂದಲೇ ನಮ್ಮಂಥೋರು ಕುರ್ಚಿ ಮೇಲೆ ಕೂತಿದ್ದೀವಿ. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಆ ಬಿಂದು ಇರಲ್ಲ. ಸರ್ಕಾರಿ ಕಂಪನಿಯ ಕೆಲಸ ಗುತ್ತಿಗೆಗೆ ಜಾರಿದಷ್ಟೂ ಮೀಸಲಾತಿ ಸದ್ದಿಲ್ಲದೆ ಸವೆಯುತ್ತೆ. ಯಾರೂ ಸಂವಿಧಾನ ತಿದ್ದಬೇಕಿಲ್ಲ, ಟೆಂಡರ್ ಕರೆದರೆ ಸಾಕು.

"ಇವತ್ತು ಇರೋ ಆರ್ಡರ್ ನಾಳೆ ಇಲ್ಲದಿದ್ರೆ ಎಲ್ಲರನ್ನೂ ಕಾಯಂ ಮಾಡೋದು ಹೇಗೆ?" ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಲ್ಲರನ್ನೂ ಕಾಯಂ ಮಾಡಿ ಅಂತ ನಾನು ಹೇಳ್ತಿಲ್ಲ. ಆಗಲೇ ಇರೋ ಕಾನೂನು ಪಾಲಿಸಿ ಅಂತಿದ್ದೀನಿ.

ಒಂದು, 1961ರ ಅಪ್ರೆಂಟಿಸ್ ಕಾಯ್ದೆಯ 3ಎ ಕಲಂ ಪ್ರಕಾರ ತರಬೇತಿ ಸೀಟಲ್ಲೂ ಎಸ್ಸಿ, ಎಸ್ಟಿಗೆ ಮೀಸಲು ಇದೆ. ಇದು ಎಷ್ಟು ಹುಡುಗರಿಗೆ ಗೊತ್ತು? ಕಲಿತ ವೆಲ್ಡರ್‌ಗೆ ಹಡಗು ಇಲ್ಲದಿದ್ರೆ ಸೇತುವೆ, ಸೇತುವೆ ಇಲ್ಲದಿದ್ರೆ ಗಾಳಿಯಂತ್ರದ ಕಂಬ. ಬೇಡಿಕೆ ಬದಲಾದಾಗ ಬದುಕಿಸೋದು ಕೈಯಲ್ಲಿರೋ ಕಸುಬು.

ಎರಡು, ಕೇಂದ್ರದ 2012ರ ಖರೀದಿ ನೀತಿ ಪ್ರಕಾರ ಕೇಂದ್ರ ಉದ್ದಿಮೆಗಳು ತಮ್ಮ ಖರೀದಿಯಲ್ಲಿ ಶೇ. 4ರಷ್ಟನ್ನ ಎಸ್ಸಿ, ಎಸ್ಟಿ ಮಾಲೀಕರ ಸಣ್ಣ ಉದ್ದಿಮೆಗಳಿಂದ ಕೊಳ್ಳೋ ಗುರಿ ಇಟ್ಟುಕೊಳ್ಳಬೇಕು. ನಮ್ಮ ಹುಡುಗರು ಗುತ್ತಿಗೆ ಕೂಲಿಗಳಾಗಿಯೇ ಯಾಕಿರಬೇಕು? ಮಾಲು ಪೂರೈಸೋರೂ ಆಗಲಿ.

ಮೂರು, ರಾಜ್ಯ ಸರ್ಕಾರ 2024ರಲ್ಲಿ ತನ್ನ ಇಲಾಖೆಗಳ ಹೊರಗುತ್ತಿಗೆ ನೇಮಕದಲ್ಲಿ ಮೀಸಲಾತಿ ಪಾಲಿಸಿ ಅಂತ ಆದೇಶ ಮಾಡಿದೆ. ಅದೇ ಷರತ್ತು ಹಡಗುಕಟ್ಟೆ ಟೆಂಡರಲ್ಲೂ, ನಮ್ಮ ಕಾವಲಿನ ಗೋಡೆ ಒಳಗಿನ ಟೆಂಡರಲ್ಲೂ ಬರಲಿ.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಎಸ್ಟಿ ಮೀಸಲು ಕ್ಷೇತ್ರಗಳು, ಚಿತ್ರದುರ್ಗ ಲೋಕಸಭೆ ಎಸ್ಸಿ ಮೀಸಲು. ಮೀಸಲು ಸೀಟಲ್ಲಿ ಗೆದ್ದವರು ಮೀಸಲಾತಿ ಸವೆಯೋದನ್ನ ನೋಡ್ತಾ ಕೂರೋ ಹಾಗಿಲ್ಲ. ಸಂಸತ್ತಲ್ಲಿ ಒಂದು ಪ್ರಶ್ನೆ ಕೇಳಲಿ: ರಕ್ಷಣಾ ಸಂಸ್ಥೆಗಳ ಮತ್ತು ಸರ್ಕಾರಿ ಹಡಗುಕಟ್ಟೆಗಳ ಗುತ್ತಿಗೆ ಕೆಲಸಗಾರರಲ್ಲಿ ಎಸ್ಸಿ, ಎಸ್ಟಿ ಎಷ್ಟು, ಅಪ್ರೆಂಟಿಸ್‌ಗಳಲ್ಲಿ ಎಷ್ಟು?

ಅವರು ಕೇಳೋವರೆಗೆ ನಾವೂ ಸುಮ್ಮನಿರಬೇಕಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಿಪಿಎಲ್ ಇದ್ದರೆ ಅದೂ ಬೇಡ. ಮೇಲಿನ ಪ್ರಶ್ನೆಗಳನ್ನೇ ಸೇರಿಸಿ ಅರ್ಜಿ ಕರಡು ಮಾಡಿಟ್ಟಿದ್ದೀನಿ. ಐಟಿಐ ಮುಗಿಸಿ ಕೆಲಸ ಹುಡುಕ್ತಿರೋ ಹುಡುಗ, ಹುಡುಗಿಯರು ನಿಮ್ಮ ಹಟ್ಟಿಯಲ್ಲಿದ್ರೆ ಅವರಿಗೆ 3ಎ ಕಲಂ ಬಗ್ಗೆ ಹೇಳಿ. ಕರಡು ಬೇಕಾದವರು ಮೆಸೇಜ್ ಮಾಡಿ, ಕಳಿಸ್ತೀನಿ.

ಜೈಭೀಮ್.