ಕತ್ತಿಗೆ ಕೊಡುವ ಕಾಸು ಬಾಯಿಗೆ ಸೇರಲಿ

ಕೈಯಿಂದ ಮಾಡಿಸಿದ ಕತ್ತಿ ಎಂದರೆ ಈಗ ನಗರದ ಹಲವರಿಗೆ ನೆನಪಾಗುವುದು ಮರದ ಪೆಟ್ಟಿಗೆಯೊಳಗೆ ಮಲಗಿಸಿಟ್ಟ, ಅಲಗಿನ ತುಂಬ ಅಲೆಅಲೆಯ ಚಿತ್ತಾರವಿರುವ ದುಬಾರಿ ವಸ್ತು. ಅಮೆರಿಕದ ಹೆಸರಾಂತ ಕುಶಲಕರ್ಮಿಗೆ ಹೇಳಿ ಮಾಡಿಸಿದರೆ ನೂರಾರು ಡಾಲರ್ ತೆರಬೇಕು, ಸರದಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ಅದು ನಮ್ಮಂಥವರಿಗಲ್ಲ ಎಂದುಕೊಂಡವರು ಅಂಗಡಿಯ ತೆಳು ಚಾಕು ಕೊಳ್ಳುತ್ತಾರೆ. ಮೊಂಡಾದಾಗ ಎಸೆದು ಇನ್ನೊಂದು ತರುತ್ತಾರೆ. ಕರ್ನಾಟಕದಲ್ಲಿ ಈ ಎರಡೂ ದಾರಿ ಹಿಡಿಯಬೇಕಾಗಿಲ್ಲ. ಕುಲುಮೆ ಉರಿಯುತ್ತಿರುವ ಊರು ಎಲ್ಲೇ ಇರಲಿ, ಅಲ್ಲಿ ಕೆಲಸ ಹೇಳಿ, ಅಳತೆ ಕೊಟ್ಟು, ಕೈಗೆ ಹೊಂದುವ ಕತ್ತಿ ಮಾಡಿಸಿಕೊಳ್ಳಬಹುದು. ಕಾಸು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು ಎಂಬ ತಿಳಿವಳಿಕೆ ಮಾತ್ರ ಮಾಡಿಸುವವರಿಗೆ ಇರಬೇಕು.

ಮಾಡಿಸಿಕೊಳ್ಳುವುದು ನಮ್ಮಲ್ಲಿ ಹೊಸ ಹವ್ಯಾಸವೇನೂ ಅಲ್ಲ. ಆಯಗಾರಿಕೆ ನಡೆಯುತ್ತಿದ್ದ ಹಳ್ಳಿಗಳಲ್ಲಿ ಕಮ್ಮಾರ ವರ್ಷವಿಡೀ ರೈತರ ಕುಡ, ಕುಡುಗೋಲು, ಕೊಡಲಿ, ಕತ್ತಿಗಳನ್ನು ಮಾಡಿಕೊಡುತ್ತಿದ್ದ, ಹಣಿದುಕೊಡುತ್ತಿದ್ದ; ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಆಯ ಅಳೆದು ಕೊಡುತ್ತಿದ್ದರು. ಯಾರ ಕೈ ಎಷ್ಟು ಅಗಲ, ಯಾರದು ಎಡಗೈ, ಯಾರ ಹೊಲದಲ್ಲಿ ಕಲ್ಲು ಹೆಚ್ಚು ಎಂಬುದೆಲ್ಲ ಅವನಿಗೆ ಗೊತ್ತಿರುತ್ತಿತ್ತು. ಮಾರಿದ ಮೇಲೂ ಕತ್ತಿಯ ಹೊಣೆ ಅವನದೇ ಆಗಿತ್ತು. ಇಂದು ದೊಡ್ಡ ಕಂಪನಿಗಳು ಹೆಮ್ಮೆಯಿಂದ ಹೇಳಿಕೊಳ್ಳುವ ಜೀವಮಾನದ ಖಾತರಿಯನ್ನು ಆ ವ್ಯವಸ್ಥೆ ಸದ್ದಿಲ್ಲದೆ ನಡೆಸಿಕೊಂಡು ಬಂದಿತ್ತು.

ಉಕ್ಕಿನ ವಿಷಯದಲ್ಲಂತೂ ಈ ನೆಲಕ್ಕೆ ಹಳೆಯ ಹೆಸರಿದೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆಗೆ ತಂಗಡಿ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ಕಾಯಿಸಿ ಉಕ್ಕು ತೆಗೆಯುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಕಡ್ಡಿ, ಎಲೆಗಳಲ್ಲಿದ್ದ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತಿತ್ತು. ಈ ಬಗೆಯ ಭಾರತದ ಉಕ್ಕಿನ ಗುಟ್ಟು ತಿಳಿಯಲು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿಯೂ ಪ್ರಯೋಗಗಳನ್ನು ನಡೆಸಿದ.

ಆ ಮೂಸೆಗಳು ಆರಿ ಬಹಳ ಕಾಲವಾಯಿತು. ಇಂದಿನ ಕಮ್ಮಾರನ ಕಚ್ಚಾವಸ್ತು ಹೆಚ್ಚಾಗಿ ಬರುವುದು ಗುಜರಿಯಿಂದ: ಲಾರಿಯ ಕಮಾನು ಪಟ್ಟಿ, ಸವೆದ ಅರ, ಒಡೆದ ಬೇರಿಂಗ್. ಗುಜರಿ ಎಂದೊಡನೆ ಮೂಗು ಮುರಿಯಬೇಕಿಲ್ಲ. ಕಮಾನು ಪಟ್ಟಿಯಲ್ಲಿ ಸುಮಾರು ಶೇ 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ. ಏಟು ತಾಳುವ ಕತ್ತಿಗೆ ಹೇಳಿ ಮಾಡಿಸಿದ ಉಕ್ಕು ಅದು. ನೇಪಾಳದ ಕಮ್ಮಾರರು ಖುಕುರಿ ಬಡಿಯುವುದೂ ಇಂಥ ಪಟ್ಟಿಗಳಿಂದಲೇ. ಅರದಲ್ಲಿ ಇಂಗಾಲ ಶೇ 1ರ ಆಸುಪಾಸು ಅಥವಾ ಅದಕ್ಕೂ ಹೆಚ್ಚಿರುವುದರಿಂದ ಸಣ್ಣ, ಬಲು ಹರಿತದ ಚಾಕುವಿಗೆ ಅದು ಒಗ್ಗುತ್ತದೆ. ಬೇರಿಂಗ್ ಉಕ್ಕಿನಲ್ಲಿ ಸುಮಾರು ಶೇ 1 ಇಂಗಾಲ, ಶೇ 1.5 ಕ್ರೋಮಿಯಂ ಇರುತ್ತದೆ. ಕೆಲಸಕ್ಕೆ ಬಾರದ್ದು ಗೇಟು, ಕಿಟಕಿ ಸರಳುಗಳ ಮೆದು ಕಬ್ಬಿಣ. ಅದರಲ್ಲಿ ಇಂಗಾಲ ಶೇ 0.25ನ್ನೂ ಮುಟ್ಟುವುದಿಲ್ಲ, ಎಷ್ಟೇ ಕಾಯಿಸಿ ಅದ್ದಿದರೂ ಬಾಯಿ ನಿಲ್ಲುವಷ್ಟು ಗಟ್ಟಿಯಾಗುವುದಿಲ್ಲ. ಹಾಗಾಗಿ ಕತ್ತಿ ಹೇಳುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಯಾವುದರ ಪಟ್ಟಿ? ವರ್ಷಗಟ್ಟಲೆ ಭಾರ ಹೊತ್ತ ಕಮಾನಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದಾದ್ದರಿಂದ, ಸಾಧ್ಯವಿದ್ದರೆ ಹೊಸ ಪಟ್ಟಿಯಿಂದಲೇ ಮಾಡಿಸುವುದು ಒಳ್ಳೆಯದು. ಒಂದು ಚಾಕುವಿಗೆ ಬೇಕಾಗುವ ಉಕ್ಕು ಅಷ್ಟಿಷ್ಟೇ; ಅದಕ್ಕೆ ತಗಲುವ ಹೆಚ್ಚುವರಿ ಖರ್ಚೂ ಸ್ವಲ್ಪವೇ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ: ಹದ ಹೇಗೆ ಹಾಕುತ್ತೀರಿ?

ಕತ್ತಿಯ ಬಾಳಿಕೆ ತೀರ್ಮಾನವಾಗುವುದು ಇಲ್ಲಿ. ಅಲಗನ್ನು ಸುಮಾರು 800ರಿಂದ 850 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎಣ್ಣೆಗೋ ನೀರಿಗೋ ಅದ್ದುತ್ತಾರೆ. ಉಕ್ಕು ಸುಮಾರು 770 ಡಿಗ್ರಿ ದಾಟಿದೊಡನೆ ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಬೆಂಕಿಯ ಬಣ್ಣವನ್ನಷ್ಟೇ ನಂಬದ ಕಸುಬುದಾರರು ಕುಲುಮೆಯ ಪಕ್ಕ ಆಯಸ್ಕಾಂತದ ತುಂಡೊಂದನ್ನು ಇಟ್ಟುಕೊಳ್ಳುವುದು ಅದಕ್ಕೇ. ಅದ್ದಿ ತೆಗೆದ ಅಲಗು ಗಾಜಿನಂತೆ ಗಟ್ಟಿ, ಗಾಜಿನಂತೆಯೇ ಪೆಡಸು. ಕೆಳಗೆ ಬಿದ್ದರೆ ಎರಡು ತುಂಡು. ಅದನ್ನು ಮತ್ತೆ ಹದವಾಗಿ ಕಾಯಿಸಿದಾಗ ಉಜ್ಜಿದ ಮೈಮೇಲೆ ಬಣ್ಣಗಳು ಓಡುತ್ತವೆ. 220 ಡಿಗ್ರಿಯ ಸುಮಾರಿಗೆ ಒಣಹುಲ್ಲಿನ ಹಳದಿ, 250ಕ್ಕೆ ಕಂದು, 275ಕ್ಕೆ ನೇರಳೆ, 300ರ ಹತ್ತಿರ ನೀಲಿ. ತರಕಾರಿ ಹೆಚ್ಚುವ ಚಾಕುವನ್ನು ಹಳದಿಗೇ ನಿಲ್ಲಿಸಬೇಕು. ಕೊಂಬೆ ಕಡಿಯುವ ಕತ್ತಿಯನ್ನು ಕಂದು, ನೇರಳೆಯತ್ತ ಸಾಗಲು ಬಿಡಬೇಕು. ಖುಕುರಿ ಮಾಡುವವರು ಕಾದ ಅಲಗಿನ ಬಾಯಿಯುದ್ದಕ್ಕೂ ಕೆಟಲ್‌ನಿಂದ ಸಣ್ಣಗೆ ನೀರು ಸುರಿಯುತ್ತಾರೆ. ಬಾಯಿ ಮಾತ್ರ ಗಟ್ಟಿಯಾಗಿ, ಬೆನ್ನು ಮೆದುವಾಗಿ ಉಳಿದು ಏಟು ತಾಳುತ್ತದೆ.

ಈ ಎರಡು ಪ್ರಶ್ನೆಗಳಿಗೆ ನೇರ ಉತ್ತರ ಕೊಡುವ ಕಮ್ಮಾರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಸರಳ ಪರೀಕ್ಷೆಗಳಿವೆ. ಬಾಯಿಯ ಮೇಲೆ ಅರವನ್ನು ಮೆಲ್ಲಗೆ ಆಡಿಸಿದರೆ, ಹದ ಬಿದ್ದ ಉಕ್ಕಿನ ಮೇಲೆ ಅದು ಜಾರುತ್ತದೆ. ಮೆದುವಾದದ್ದನ್ನು ಸುಲಭವಾಗಿ ಕೆರೆಯುತ್ತದೆ. ಹಿತ್ತಾಳೆಯ ಸರಳಿಗೆ ತೆಳು ಬಾಯಿಯನ್ನು ಒತ್ತಿ ಎಳೆದರೆ ಅದು ತುಸು ಬಾಗಿ ಮತ್ತೆ ನೆಟ್ಟಗಾಗಬೇಕು. ಬಾಗಿದಂತೆಯೇ ಉಳಿದರೆ ಮೆದು, ಚೂರು ಹಾರಿದರೆ ಪೆಡಸು. ಬೆನ್ನನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಸೊಟ್ಟ ತಿಳಿಯುತ್ತದೆ. ಬಾಯಿಯ ಅಂಚಿನಲ್ಲಿ ಎಲ್ಲಾದರೂ ನೀಲಿ ಕಲೆ ಕಂಡರೆ, ಗ್ರೈಂಡರ್ ಹಿಡಿಯುವಾಗ ಅಲಗು ಸುಟ್ಟು ಅಲ್ಲಿ ಹದ ಕೆಟ್ಟಿದೆ ಎಂದೇ ಅರ್ಥ. ಅಂಥದ್ದನ್ನು ಹಿಂದಕ್ಕೆ ಕೊಡಬೇಕು.

1976ರಲ್ಲಿ ಹುಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯೂ ತನ್ನ ಸದಸ್ಯರಿಗೆ ಇಂಥದೇ ಪರೀಕ್ಷೆ ಒಡ್ಡುತ್ತದೆ. ಮೇಲಿನ ದರ್ಜೆಗೆ ಏರಬಯಸುವವರು ತಾವು ಬಡಿದ ಚಾಕುವಿನಿಂದ ತೂಗುಬಿಟ್ಟ ಹಗ್ಗವನ್ನು ಒಂದೇ ಬೀಸಿಗೆ ಕತ್ತರಿಸಬೇಕು, ಮರದ ರೀಪನ್ನು ಎರಡು ಬಾರಿ ಕಡಿದು ತುಂಡರಿಸಬೇಕು, ಆಮೇಲೂ ಅದೇ ಬಾಯಿಯಿಂದ ಕೈಮೇಲಿನ ಕೂದಲು ಬೋಳಿಸಬೇಕು. ಕೊನೆಗೆ ಅಲಗನ್ನು ವೈಸ್‌ನಲ್ಲಿ ಸಿಕ್ಕಿಸಿ 90 ಡಿಗ್ರಿ ಬಾಗಿಸಿದಾಗ ಅದು ಮುರಿಯಬಾರದು. ಅಂದಚೆಂದ ನೋಡುವ ತೀರ್ಪುಗಾರರ ಮುಂದೆ ಹೋಗುವುದು ಇದೆಲ್ಲ ಆದ ಮೇಲೆ. ಕೊಳ್ಳುವವರೂ ಇದೇ ಕ್ರಮ ಪಾಲಿಸಬೇಕು.

ಆದರೆ ಮಾರುಕಟ್ಟೆಯಲ್ಲಿ ನಡೆಯುತ್ತಿರುವುದು ತಿರುವುಮುರುವು. ‘ಡಮಾಸ್ಕಸ್’ ಎಂದು ಮಾರುವ ಅಲೆ ಚಿತ್ತಾರದ ಚಾಕುಗಳು ಆನ್‌ಲೈನ್‌ನಲ್ಲಿ ರಾಶಿ ಬಿದ್ದಿವೆ. ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು, ಬಡಿದು, ಆಮ್ಲದಲ್ಲಿ ಅದ್ದಿದಾಗ ಆ ಚಿತ್ತಾರ ಏಳುತ್ತದೆ. ಬಲ್ಲವರು ಮಾಡಿದರೆ ಅದು ಉನ್ನತ ಕಲೆಯೇ. ಅಗ್ಗದ ಬೆಲೆಗೆ ಬರುವುದರಲ್ಲಿ ಯಾವ ಉಕ್ಕು ಬೆಸೆದಿದ್ದಾರೆ, ಹದ ಹಾಕಿದ್ದಾರೋ ಇಲ್ಲವೋ ಎಂಬುದನ್ನು ಚಿತ್ತಾರ ಹೇಳುವುದಿಲ್ಲ. ಕೆಲವದರ ಮೇಲೆ ಲೇಸರ್‌ನಿಂದ ಕೊರೆದ ಬರೀ ಗೆರೆಗಳಿರುತ್ತವೆ. ಬಜೆಟ್ ಕಡಿಮೆ ಇದ್ದವರು ಡಮಾಸ್ಕಸ್ ಆಸೆಯನ್ನು ಬಿಟ್ಟುಬಿಡುವುದೇ ಸರಿ. ಕನ್ನಡಿ ಹೊಳಪು, ಚಿತ್ತಾರದ ರಿವೆಟ್, ಹೂಬಳ್ಳಿ ಒತ್ತಿದ ಚರ್ಮದ ಒರೆ ಇವನ್ನೂ ಬಿಡಬಹುದು. ಹೊಳಪಿಗಾಗಿ ಗಂಟೆಗಟ್ಟಲೆ ತಿಕ್ಕುವ ಕೂಲಿ ಬೆಲೆಗೆ ಸೇರುತ್ತದೆ. ಕತ್ತರಿಸುವ ಕೆಲಸಕ್ಕೆ ಅದರಿಂದ ಏನೂ ಸೇರದು.

ಬಡಿದು ಮಾಡಿದ್ದೇ ಶ್ರೇಷ್ಠ, ಪಟ್ಟಿ ಕತ್ತರಿಸಿ ಗ್ರೈಂಡರ್‌ನಲ್ಲಿ ಉಜ್ಜಿ ಮಾಡಿದ್ದು ಕಳಪೆ ಎಂಬ ನಂಬಿಕೆಯನ್ನೂ ಕೈಬಿಡಬೇಕು. 20ನೇ ಶತಮಾನದ ಅಮೆರಿಕದ ಅತಿ ಪ್ರಸಿದ್ಧ ಚಾಕು ತಯಾರಕರಲ್ಲಿ ಒಬ್ಬರಾದ ರಾಬರ್ಟ್ ಲವ್‌ಲೆಸ್ ಹೆಸರಾದದ್ದು ಉಜ್ಜಿ ಮಾಡುವ ವಿಧಾನದಿಂದಲೇ. ಉಕ್ಕು ಒಳ್ಳೆಯದಿದ್ದು ಹದ ಸರಿಯಿದ್ದರೆ ಎರಡೂ ಸಮ. ಕೆಲಸದ ಹೊತ್ತು ಉಳಿಯುವುದಾದರೆ ಉಜ್ಜಿ ಮಾಡಿದ್ದನ್ನೇ ಆರಿಸಲಿ.

ಇನ್ನು ಆಕಾರ. ಮಲೆನಾಡಿನ ಕಮ್ಮಾರನ ಬಳಿ ಹೋಗಿ ಬರೀ ‘ಒಂದು ಕತ್ತಿ’ ಎಂದರೆ ಅವನು ಯಾವುದಕ್ಕೆ ಎಂದು ಮರುಪ್ರಶ್ನೆ ಹಾಕುತ್ತಾನೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯದು ಒಂದು ರೂಪ, ಸೊಪ್ಪು ಸವರುವ ಕತ್ತಿಯದು ಇನ್ನೊಂದು, ಎಳನೀರು ಕೆತ್ತುವ ಮಚ್ಚಿನದು ಮತ್ತೊಂದು. ಮಡಚದ ಸಣ್ಣ ಚಾಕು ಬೇಕೆನ್ನುವವರೂ ಅದೇ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡು ಹೋಗಬೇಕು. ಅಡುಗೆಮನೆಗಾದರೆ ಬೆನ್ನು 2 ಮಿಲಿಮೀಟರ್ ದಪ್ಪವಿದ್ದರೆ ಸಾಕು. ತೋಟಕ್ಕೆ, ಚಾರಣಕ್ಕೆ 3ರಿಂದ 4 ಮಿಲಿಮೀಟರ್ ದಪ್ಪ, 10 ಸೆಂಟಿಮೀಟರ್ ಆಸುಪಾಸಿನ ಅಲಗು ಬಹುತೇಕ ಎಲ್ಲ ಕೆಲಸ ಮಾಡುತ್ತದೆ. ಸಿನಿಮಾ ನೋಡಿ 6 ಮಿಲಿಮೀಟರ್ ದಪ್ಪದ ಅಲಗು ಕೇಳುವವರಿದ್ದಾರೆ. ಅದು ಟೊಮೆಟೊ ಜಜ್ಜುತ್ತದೆ, ಕೈ ನೋಯಿಸುತ್ತದೆ. ಕಾಗದದ ಮೇಲೆ ಬರೆದ ಚಿತ್ರಕ್ಕಿಂತ ರಟ್ಟಿನಲ್ಲಿ ಕತ್ತರಿಸಿದ ನಮೂನೆ ಒಯ್ದರೆ ಮಾತಿನ ಗೊಂದಲ ತಪ್ಪುತ್ತದೆ.

ಹಿಡಿಯ ಬಗ್ಗೆ ಜಿಪುಣತನ ಬೇಡ. ಅಲಗಿನ ಬಾಲ ಹಿಡಿಯೊಳಗೆ ಆಳಕ್ಕೆ ಇಳಿದಿರಬೇಕು, ಇಲ್ಲವೇ ಹಿಡಿಯ ಉದ್ದಕ್ಕೂ ಹಾದು ರಿವೆಟ್ ಬಿದ್ದಿರಬೇಕು. ಬಾಲ ಇಳಿಸಿದ ಹಿಡಿಗೆ ಮರ ಸೀಳದಂತೆ ಅಣಸು, ಅಂದರೆ ಲೋಹದ ಬಳೆ, ಹಾಕಿಸಬೇಕು. ಜಪಾನಿನ ಸಕಾಯಿ ಪಟ್ಟಣದ ಹೆಸರಾಂತ ಅಡುಗೆ ಚಾಕುಗಳನ್ನು ಬಡಿಯುವವರು ಒಬ್ಬರು, ಸಾಣೆ ಹಿಡಿಯುವವರು ಇನ್ನೊಬ್ಬರು, ಹಿಡಿ ಕೂರಿಸುವವರು ಮತ್ತೊಬ್ಬರು. ಇಲ್ಲಿಯೂ ಅಲಗನ್ನು ಕಮ್ಮಾರನಿಂದ, ಹಿಡಿಯನ್ನು ಬಡಗಿಯಿಂದ, ಒರೆಯನ್ನು ಚಪ್ಪಲಿ ಹೊಲಿಯುವವರಿಂದ ಮಾಡಿಸಿಕೊಂಡರೆ ಖರ್ಚು ಇಳಿಯುತ್ತದೆ, ಮೂವರಿಗೂ ಕೆಲಸ ಸಿಗುತ್ತದೆ. ಗಟ್ಟಿಯಾಗಿ ಬಲಿತು ಒಣಗಿದ ಹುಣಸೆ ಅಥವಾ ಹಲಸಿನ ಮರ ಹಿಡಿಗೆ ಸಾಕು. ಜಿಂಕೆ, ಕಡವೆ ಕೊಂಬಿನ ಹಿಡಿಯ ಆಮಿಷಕ್ಕೆ ಬೀಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ವ್ಯಾಪಾರ ಅಪರಾಧ.

ಕಾನೂನಿನ ಇನ್ನೊಂದು ಮಾತೂ ಗಮನದಲ್ಲಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದ ಚಾಕುಗಳನ್ನು ಹೊರಗಿಟ್ಟಿವೆ. ಉಳಿದವುಗಳಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧಗಳ ಪಟ್ಟಿಗೆ ಸೇರುತ್ತದೆ. ಬಾಕು, ಖಡ್ಗಗಳಂತೂ ಆ ಪಟ್ಟಿಯಲ್ಲಿವೆ. ಕೊಡವರ ನಡುಪಟ್ಟಿಯಲ್ಲಿ ಬೆಳ್ಳಿ ಸರಪಣಿಯೊಂದಿಗೆ ತೂಗುವ ಪೀಚೆಕತ್ತಿಗೆ ಸಂಪ್ರದಾಯದ ಸ್ಥಾನವಿದೆ. ಅದನ್ನು ನೋಡಿ ಬೇರೆಯವರು ಶೋಕಿಗೆ ಕತ್ತಿ ಸಿಕ್ಕಿಸಿಕೊಂಡು ಪೇಟೆ ಸುತ್ತುವುದು ಸಲ್ಲದು. ಕೆಲಸದ ಕತ್ತಿ ಕೆಲಸದ ಜಾಗದಲ್ಲಿರಲಿ.

ಇಂಗಾಲದ ಉಕ್ಕು ತುಕ್ಕು ಹಿಡಿಯುತ್ತದೆ. ಬಾಳೆಕಾಯಿ, ನಿಂಬೆ, ಮಾವಿನಕಾಯಿ ಹೆಚ್ಚಿದರೆ ಕಪ್ಪಾಗುತ್ತದೆ. ಆ ಕಪ್ಪು ದೋಷವಲ್ಲ. ತೊಳೆದು ಒರೆಸಿ, ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ, ಒರೆಯಿಂದ ಹೊರಗಿಟ್ಟರೆ ಬಹುಕಾಲ ಬಾಳುತ್ತದೆ. ಇಷ್ಟು ಆರೈಕೆ ಆಗದು ಎನ್ನುವವರು ಸ್ಟೇನ್‌ಲೆಸ್ ಸ್ಟೀಲ್ ಚಾಕುವನ್ನೇ ಕೊಳ್ಳಲಿ.

ಕೊನೆಯದಾಗಿ ಬೆಲೆಯ ಮಾತು. ಊರ ಕಮ್ಮಾರನ ಬಳಿ ಒಳ್ಳೆಯ ಕತ್ತಿ ಇಂದಿಗೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಕೊಳ್ಳುವವರಿಗೆ ಅಗ್ಗ; ಮಾಡುವವರ ಬದುಕಿಗೆ ಸಾಲದು. ಇದ್ದಿಲು ದುಬಾರಿ, ಬೆಂಕಿಯ ಮುಂದಿನ ದುಡಿಮೆ ಕಠಿಣ, ಮಕ್ಕಳು ಕುಲುಮೆಗೆ ಬರುತ್ತಿಲ್ಲ. ಮಾಲ್‌ನಲ್ಲಿ ಮುದ್ರಿತ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಡುವವರು ಕುಲುಮೆಯ ಮುಂದೆ ಐವತ್ತು ರೂಪಾಯಿಗೆ ಚೌಕಾಸಿ ಮಾಡುವುದು ಅನ್ಯಾಯ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ. ಉಪಕರಣಗಳಿಗೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಎರಡು ಕಂತುಗಳಲ್ಲಿ 3 ಲಕ್ಷದವರೆಗೆ ಸಾಲ ಎಂದು ಅದು ಹೇಳುತ್ತದೆ. ನೆರವು ಒಳ್ಳೆಯದೇ. ಆದರೆ ಕುಲುಮೆಗೆ ಗಿರಾಕಿ ಬಾರದಿದ್ದರೆ ಸಾಲ ತೀರಿಸುವ ದಾರಿಯಾದರೂ ಯಾವುದು?

ಈ ಸಲದ ಆಯುಧ ಪೂಜೆಗೆ ಮುಂಚೆ ಓದುಗರು ತಮಗೆ ಹತ್ತಿರದ ಕುಲುಮೆಯನ್ನು ಹುಡುಕಿಕೊಂಡು ಹೋಗಲಿ. ರಟ್ಟಿನ ನಮೂನೆ ಕೊಟ್ಟು, ಕೆಲಸ ಯಾವುದೆಂದು ಹೇಳಿ, ಯಾವ ಉಕ್ಕು, ಯಾವ ಹದ ಎಂದು ಕೇಳಿ, ಹೇಳಿದ ಬೆಲೆ ಕೊಡಲಿ. ಹದಕ್ಕೆಂದು ಅವರು ಇನ್ನೊಂದು ದಿನ ಕೇಳಿದರೆ ಅದನ್ನೂ ಕೊಡಲಿ.