ನೆಂಟರನ್ನು ಕೇಳದೆ ಪಟ್ಟಿ ಹಾಕಬೇಡಿ

ಡಿಎನ್‌ಎ ಪರೀಕ್ಷೆಯಲ್ಲಿ ಸಿಕ್ಕ ನೆಂಟರ ಪಟ್ಟಿಯನ್ನು, ಹೆಸರು ಮತ್ತು ಸೆಂಟಿಮಾರ್ಗನ್ ಲೆಕ್ಕದ ಸಮೇತ, ಎಲ್ಲರೂ ಸೇರಿ ಕಟ್ಟುವ ವಂಶವೃಕ್ಷದ ಜಾಲತಾಣಕ್ಕೆ ಏರಿಸುವುದು ಸೇವೆಯೆಂದು ಕೆಲವರ ವಾದ. ನಾವು ಒಪ್ಪುವುದಿಲ್ಲ. ಹೊಂದಾಣಿಕೆ ಇಬ್ಬರದು, ಒಬ್ಬರ ಒಪ್ಪಿಗೆ ಸಾಲದು.

2023ರಲ್ಲಿ 23ಆ್ಯಂಡ್‌ಮಿ ಕಂಪನಿಯ ಸುಮಾರು 14,000 ಖಾತೆಗಳಿಗೆ ಕನ್ನ ಬಿತ್ತು. ನೆಂಟರನ್ನು ತೋರಿಸುವ ಸೌಲಭ್ಯದಿಂದಾಗಿ ಸುಮಾರು 69 ಲಕ್ಷ ಜನರ ವಿವರ ಕಳ್ಳರ ಪಾಲಾಯಿತು.

ಒಂದೇ ಸಮುದಾಯದೊಳಗೆ ತಲೆಮಾರುಗಳಿಂದ ಮದುವೆಯಾದವರಲ್ಲಿ ದೂರದ ನೆಂಟರೂ ಹತ್ತಿರದವರಂತೆ ಕಾಣುತ್ತಾರೆ. ದೀಕ್ಷಾಸ್ನಾನದ ದಾಖಲೆ ನೋಡದೆ ಅಂಕಿಯನ್ನಷ್ಟೇ ನಂಬಿದರೆ ಸುಳ್ಳು ಸಂಬಂಧ ಹುಟ್ಟುತ್ತದೆ. ಅಂಕಿ ನಿಜವಾದರೂ ದತ್ತು ಹೋದ ಮಗುವಿನ ಗುಟ್ಟು ಊರಿಗೆಲ್ಲ ತಿಳಿದೀತು.

ಆದ್ದರಿಂದ ಮೊದಲು ಕೇಳಿ, ಆಮೇಲೆ ಹಾಕಿ. ಬೇಡವೆಂದವರ ಹೆಸರು ಬಿಡಿ. ಬಂಧುಗಳನ್ನು ಹುಡುಕುವ ಭರದಲ್ಲಿ ಬಂಧುತ್ವವನ್ನೇ ಕಳೆದುಕೊಳ್ಳಬಾರದು.