ಕಾಲುಬಾವು ಮತ್ತು ದುಗ್ಧರಸದ ಸಂಚಾರ

ಇತ್ತೀಚೆಗೆ ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಕೆಲವರು ‘ದುಗ್ಧರಸ ಶುದ್ಧಿ’ಯ ಚೂರ್ಣವನ್ನು ಕೊಡಿರೆಂದು ಕೇಳುವುದುಂಟು. ಮೊಬೈಲಿನ ಜಾಹೀರಾತುಗಳ ಪ್ರಭಾವವಿದು. ಮೂರು ದಶಕಗಳಿಗೂ ಮಿಕ್ಕಿ ಆಯುರ್ವೇದವನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನಲ್ಲಿ ಅಂತಹ ಚೂರ್ಣವಿಲ್ಲ. ಇದೆಯೆಂದು ಮಾರುವವರನ್ನು ನಾನು ನಂಬುವುದೂ ಇಲ್ಲ.

ರಕ್ತನಾಳಗಳಿಂದ ಅಂಗಾಂಶಗಳಿಗೆ ಒಸರಿದ ದ್ರವದಲ್ಲಿ ಉಳಿದ ಪಾಲು, ದಿನಕ್ಕೆ ಸುಮಾರು 2ರಿಂದ 3 ಲೀಟರಿನಷ್ಟು, ಸೂಕ್ಷ್ಮ ನಾಳಗಳಲ್ಲಿ ಸಾಗಿ, ಗ್ರಂಥಿಗಳಲ್ಲಿ ಸೋಸಲ್ಪಟ್ಟು, ಕುತ್ತಿಗೆಯ ಬುಡದಲ್ಲಿ ಮರಳಿ ರಕ್ತವನ್ನು ಸೇರುತ್ತದೆ. ಇದೇ ದುಗ್ಧರಸ. ನಮ್ಮ ಶಾಸ್ತ್ರದ ರಸಧಾತುವೂ ಇದೇ ಎಂದು ಕೆಲವರು ಸಮೀಕರಿಸುತ್ತಾರೆ. ಹೋಲಿಕೆಯುಂಟು, ಆದರೆ ಎರಡೂ ಒಂದೇ ಎನ್ನಲು ನಾನು ಹಿಂಜರಿಯುತ್ತೇನೆ.

ರಕ್ತವನ್ನು ಹೃದಯವು ತಳ್ಳುತ್ತದೆ. ದುಗ್ಧರಸಕ್ಕೆ ಅಂತಹ ಆಸರೆಯಿಲ್ಲ. ನಾಳಗಳ ಸ್ವಂತ ಸಂಕೋಚನ, ಮೀನಖಂಡದ ಒತ್ತು, ಉಸಿರಾಟದ ಏರಿಳಿತ, ಇವುಗಳಿಂದಲೇ ಅದು ಮೇಲೇರಬೇಕು. ದಿನವಿಡೀ ಕಾಲು ಇಳಿಬಿಟ್ಟು ಗಲ್ಲೆಯ ಮುಂದೆ ಕುಳಿತ ವ್ಯಾಪಾರಿಯ ಪಾದ ಸಂಜೆಗೆ ಬಾತರೆ, ಅವನಿಗೆ ಮೊದಲು ಬೇಕಾದುದು ಗಂಟೆಗೊಮ್ಮೆ ಎದ್ದು ಐದು ನಿಮಿಷ ನಡೆಯುವ ಅಭ್ಯಾಸ. ವಾಗ್ಭಟನು ವಿಧಿಸಿದ ಅರ್ಧಶಕ್ತಿಯ ವ್ಯಾಯಾಮ ಇಲ್ಲಿಗೂ ಸಾಕು. ಆಹಾರದಲ್ಲಿ ವಿಶೇಷ ಪಥ್ಯವೇನಿಲ್ಲ: ರೊಟ್ಟಿ, ಕಾಳು, ಸೊಪ್ಪಿನ ಪಲ್ಯಗಳಿರಲಿ, ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಬೇಕು. ದೇಹದ ಅತಿತೂಕವೂ ಈ ನಾಳಗಳಿಗೆ ಭಾರವೇ. ಎರಡೂ ಕಾಲುಗಳು ಬಾತಿದ್ದರೆ ಮಾತ್ರ ಹೃದಯ, ಮೂತ್ರಪಿಂಡಗಳ ತಪಾಸಣೆ ಮೊದಲಾಗಲಿ.

ಈ ನಾಳಗಳು ಕೆಟ್ಟರೆ ಏನಾಗುತ್ತದೆಂಬುದನ್ನು ನಮ್ಮ ಕಲಬುರಗಿ, ಯಾದಗಿರಿ, ಬೀದರ ಭಾಗದ ಜನರಿಗೆ ವಿವರಿಸಬೇಕಾಗಿಲ್ಲ. ಸೊಳ್ಳೆಯಿಂದ ಹರಡುವ ಹುಳು ದುಗ್ಧನಾಳಗಳಲ್ಲಿ ನೆಲೆಸಿ ಆನೆಕಾಲು ರೋಗವನ್ನು ತರುತ್ತದೆ. ಹಳೆಯ ನೀರು ನಿಂತ ಪ್ರದೇಶಗಳಲ್ಲಿ ಶ್ಲೀಪದವು ಹೆಚ್ಚೆಂದು ಸುಶ್ರುತ ಸಂಹಿತೆ ಗುರುತಿಸಿರುವುದು ಸೋಜಿಗವೇ ಸರಿ.

ವೃತ್ತಿಯ ಆರಂಭದ ದಿನಗಳಲ್ಲಿ ತಾಯಿಯೊಬ್ಬರು ಬಾತ ಕಾಲನ್ನು ಸೀರೆಯ ನೆರಿಗೆಯಲ್ಲಿ ಮರೆಸಿಕೊಂಡು ನನ್ನಲ್ಲಿಗೆ ಬಂದಿದ್ದರು. ನಾನು ಲೇಪವನ್ನಷ್ಟೇ ಕೊಟ್ಟು ಕಳುಹಿಸಿದೆ. ಬೆರಳ ಸಂದಿಯ ಬಿರುಕನ್ನು ನೋಡಲಿಲ್ಲ. ಚಳಿಜ್ವರ ಮರುಕಳಿಸಿತು, ಪ್ರತಿಬಾರಿಯೂ ಕಾಲು ಇನ್ನಷ್ಟು ದಪ್ಪವಾಯಿತು. ಆ ಬಿರುಕಿನಿಂದಲೇ ಸೋಂಕು ಒಳಹೊಗುತ್ತಿತ್ತೆಂಬುದು ನನಗೆ ತಡವಾಗಿ ಹೊಳೆಯಿತು. ಕೊನೆಗೆ ಅವರಿಗೆ ನೆಮ್ಮದಿ ತಂದುದು ಸಾಬೂನು ಮತ್ತು ನೀರು. ದಿನಕ್ಕೆರಡು ಬಾರಿ ಕಾಲು ತೊಳೆದು, ಬೆರಳ ಸಂದಿಗಳನ್ನು ಹತ್ತಿಯ ಬಟ್ಟೆಯಿಂದ ಒರೆಸಿ, ಬಿರುಕಿಗೆ ಮುಲಾಮು ಹಚ್ಚಿ, ಮಲಗುವಾಗ ಕಾಲನ್ನು ದಿಂಬಿನ ಮೇಲಿರಿಸಿ, ಕುಳಿತಲ್ಲೇ ಹಿಮ್ಮಡಿಯನ್ನು ಎತ್ತಿ ಇಳಿಸುವುದು. ಕಾಲು ಮೊದಲಿನಂತಾಗಲಿಲ್ಲ, ಜ್ವರ ಬರುವುದು ಬಹುಮಟ್ಟಿಗೆ ನಿಂತಿತು, ಅವರು ಹೊಲಕ್ಕೆ ಹೋಗತೊಡಗಿದರು. ಕೆಂಪಗೆ ಬಿಸಿಯಾಗಿ ಬಾತ ಕಾಲಿಗೆ ಅಭ್ಯಂಗ ಸಲ್ಲದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಆರೋಗ್ಯ ಕಾರ್ಯಕರ್ತೆಯರು ಮನೆಬಾಗಿಲಿಗೆ ತರುವ ಡಿ.ಇ.ಸಿ. ಮತ್ತು ಆಲ್ಬೆಂಡಜೋಲ್ ಮಾತ್ರೆಗಳನ್ನು ‘ಕಾಲು ಬಾತಿಲ್ಲವಲ್ಲ’ ಎಂದು ಕಿಟಕಿಯಲ್ಲಿ ಇಟ್ಟು ಮರೆಯುವವರನ್ನು ಕಂಡಿದ್ದೇನೆ. ಬಾವು ಕಾಣಿಸುವ ಮೊದಲೇ ವರ್ಷಗಟ್ಟಲೆ ಹುಳು ಒಳಗಿರಬಲ್ಲದು. ಅವರು ಅರ್ಹರೆಂದು ಹೇಳಿದವರೆಲ್ಲ ಅವರ ಎದುರೇ ನುಂಗುವುದು ಲೇಸು.

ಕೊರಳು, ಕಂಕುಳುಗಳ ಗಂಟು ಎರಡು ಮೂರು ವಾರಗಳಾದರೂ ಕರಗದಿದ್ದರೆ ಕ್ಷಯವೋ ಅರ್ಬುದವೋ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ಅಂತಹವರಿಗೆ ನಾನು ಲೇಪವನ್ನು ಕೊಡುವುದಿಲ್ಲ, ಚೀಟಿ ಬರೆದು ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತೇನೆ.